ಯಂತ್ರಶಿಲ್ಪಿಯೂ ಉಕ್ಕಿನ ಸಂಧಿಯೂ

೧

ಕೋಟೇಶ್ವರದ ಶ್ರೀ ಕೋಟಿಲಿಂಗೇಶ್ವರ ದೇವಾಲಯದಲ್ಲಿ ವೃಶ್ಚಿಕಮಾಸದ ಹುಣ್ಣಿಮೆಯಂದು ನಡೆಯುವ ರಥೋತ್ಸವವು, ಜನರ ಮಾತಿನಲ್ಲಿ ಕೊಡಿಹಬ್ಬವು, ಕುಂದಾಪುರ ಬೈಂದೂರು ಬ್ರಹ್ಮಾವರಗಳ ಸೀಮೆಯವರೆಲ್ಲರಿಗೂ ಸುಪರಿಚಿತವಾದುದು. ಇಂತಹ ಬ್ರಹ್ಮರಥಗಳಲ್ಲಿ ಗಾಲಿ, ಅಚ್ಚು, ಕೆತ್ತನೆಯ ಪೀಠ ಮೊದಲಾದ ಕೆಳಭಾಗವು ಶಾಶ್ವತವಾದ ಮರದ ಕೆಲಸ; ಅದರ ಮೇಲಣ ಉನ್ನತವಾದ ಭಾಗವಾದರೋ ಉತ್ಸವಕ್ಕೆ ಮುಂಚೆ ಕಟ್ಟಲ್ಪಟ್ಟು ಉತ್ಸವಾನಂತರ ಬಿಚ್ಚಲ್ಪಡತಕ್ಕದ್ದು. ಬಿದಿರು, ಅಡಿಕೆಮರದ ದಬ್ಬೆ, ಹಗ್ಗ, ಪತಾಕೆಗಳಿಂದ ಈ ಭಾಗವನ್ನು ಕಟ್ಟುವವರು ನೆಲದಿಂದ ಬಹು ಎತ್ತರದಲ್ಲಿ ನಿಂತು, ಒಂದು ಕೈಯಿಂದ ತಮ್ಮನ್ನು ಹಿಡಿದುಕೊಂಡು ಇನ್ನೊಂದು ಕೈಯಿಂದ ಗಂಟನ್ನು ಬಿಗಿಯುವರು. ಬಿಗಿ ಸಾಕಾಯಿತೆ ಇಲ್ಲವೆ ಎಂಬುದನ್ನು ತಿಳಿಸುವ ಉಪಕರಣವು ಅವರ ಅಂಗೈಯ ಹೊರತು ಬೇರೊಂದಿಲ್ಲ.

ಈ ಶಿಲ್ಪವು ಇಲ್ಲಿ ಇಂದಿಗೂ ಜೀವಂತವಾಗಿದೆ. ೨೦೧೯ರಲ್ಲಿ ಕುಕ್ಕೆ ಸುಬ್ರಹ್ಮಣ್ಯದ ನೂತನ ಬ್ರಹ್ಮರಥವು ಕೋಟೇಶ್ವರದ ಶಿಲ್ಪಶಾಲೆಯಲ್ಲಿಯೇ ಸಿದ್ಧವಾಗಿ, ಹೆದ್ದಾರಿಯ ಮೂಲಕ ಸುಬ್ರಹ್ಮಣ್ಯಕ್ಕೆ ಕೊಂಡೊಯ್ಯಲ್ಪಟ್ಟಿತು. ಒಂದೆಡೆ ಅಂಗಗಳನ್ನು ನಿರ್ಮಿಸಿ ಮತ್ತೊಂದೆಡೆ ನಿಲ್ಲಿಸುವ ಈ ಕ್ರಮವನ್ನು ಕಂಡವರಿಗೆ, ಎತ್ತರವಾದುದನ್ನು ಕಟ್ಟುವುದರಲ್ಲಿ ಎತ್ತುವ ಕಾರ್ಯವು ಬೇರೆ, ಕೂಡಿಸುವ ಕಾರ್ಯವು ಬೇರೆ ಎಂಬುದು ಸುಲಭವಾಗಿ ಗೋಚರಿಸುವುದು. ಎತ್ತುವುದಕ್ಕೆ ಬಲ ಬೇಕು. ಅದನ್ನು ಯಂತ್ರವು ಬಹುಕಾಲದ ಹಿಂದೆಯೇ ವಹಿಸಿಕೊಂಡಿದೆ. ಕೂಡಿಸುವುದಕ್ಕೆ ವಿವೇಕ ಬೇಕು. ಅದನ್ನು ಯಂತ್ರವು ವಹಿಸಿಕೊಳ್ಳಬಲ್ಲುದೆ ಎಂಬುದೇ ಪ್ರಶ್ನೆ.

ಜಪಾನಿನಲ್ಲಿಯೂ ಕೊರಿಯಾದಲ್ಲಿಯೂ ಕಳೆದ ನಾಲ್ವತ್ತು ವರ್ಷಗಳಿಂದ ಈ ಪ್ರಶ್ನೆಯು ಉಕ್ಕಿನ ಉನ್ನತ ಸೌಧಗಳ ಮೇಲೆ ಪ್ರತ್ಯಕ್ಷವಾಗಿ ಪರೀಕ್ಷಿತವಾಗುತ್ತಿದೆ. ಆ ಪರೀಕ್ಷೆಯ ಸ್ವರೂಪವನ್ನು ತಿಳಿಸಿ, ಅಲ್ಲಿ ಯಂತ್ರವು ಗೆದ್ದ ಎಡೆ ಯಾವುದು, ಸೋತ ಎಡೆ ಯಾವುದು, ಅದರಿಂದ ನಮ್ಮ ದೇಶದವರು ಗ್ರಹಿಸತಕ್ಕದ್ದು ಏನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಮೊದಲು ಶಬ್ದವಿಚಾರ. ಈ ಬಗೆಯ ಯಂತ್ರಕ್ಕೆ ಲೋಕವೆಲ್ಲ ರೋಬೋ ಅಥವಾ ರೋಬಾಟ್ ಎನ್ನುವುದು. ಈ ಶಬ್ದವು ಚೆಕ್ ದೇಶದ ನಾಟಕಕಾರ ಕಾರೆಲ್ ಚಾಪೆಕನ 'ಆರ್. ಯು. ಆರ್.' ಎಂಬ ನಾಟಕದಿಂದ ಹುಟ್ಟಿತು. ನಾಟಕವು ೧೯೨೦ರಲ್ಲಿ ಪ್ರಕಟವಾಗಿ ೧೯೨೧ರಲ್ಲಿ ರಂಗವನ್ನು ಏರಿತು. ಶಬ್ದವನ್ನು ಸೂಚಿಸಿದವನು ಅವನ ಅಣ್ಣನಾದ ಯೋಸೆಫ್ ಚಾಪೆಕ್. ಚೆಕ್ ಭಾಷೆಯಲ್ಲಿ 'ರೋಬೋತ' ಎಂದರೆ ಒಡೆಯನ ಭೂಮಿಯಲ್ಲಿ ಒಕ್ಕಲು ಕೂಲಿಯಿಲ್ಲದೆ ಬಲಾತ್ಕಾರದಿಂದ ಮಾಡಬೇಕಾಗಿದ್ದ ದುಡಿಮೆ. ಇದಕ್ಕೆ ಸರಿಯಾದ ಮಾತು ನಮ್ಮಲ್ಲಿಯೂ ಉಂಟು. ಸಂಸ್ಕೃತದ 'ವಿಷ್ಟಿ'ಯು ಕನ್ನಡದಲ್ಲಿ 'ಬಿಟ್ಟಿ'ಯಾಗಿ, ಇಂದಿಗೂ 'ಬಿಟ್ಟಿ ಕೆಲಸ', 'ಬಿಟ್ಟಿ ಬೇಗಾರಿ' ಎಂದು ಬಳಕೆಯಲ್ಲಿದೆ. ಆದುದರಿಂದ ರೋಬೋ ಎಂಬುದರ ಯಥಾರ್ಥವಾದ ಕನ್ನಡವು 'ಬಿಟ್ಟಿಯಾಳು' ಎಂದೇ ಆಗಬೇಕು.

ಪ್ರಚಾರದಲ್ಲಿರುವುದು 'ಯಂತ್ರಮಾನವ' ಎಂಬ ಸಮಾಸ. ಇದು ಕಿವಿಗೆ ಇಂಪಾದರೂ ಅರ್ಥದಲ್ಲಿ ದಾರಿ ತಪ್ಪಿಸುವುದು. ಸೌಧನಿರ್ಮಾಣದಲ್ಲಿ ತೊಡಗಿರುವ ಯಂತ್ರಕ್ಕೆ ಮುಖವಿಲ್ಲ, ಕಾಲಿಲ್ಲ. ಒಂದು ಹಳಿಯ ಮೇಲೆ ಸರಿಯುವ ಪೆಟ್ಟಿಗೆಯೋ, ಆರು ಕೀಲುಗಳುಳ್ಳ ಒಂಟಿ ತೋಳೋ ಅಷ್ಟೇ. ಬ್ರಹ್ಮಾವರ ಸೀಮೆಯ ಕೋಟದಲ್ಲಿ ೧೯೦೨ರಲ್ಲಿ ಜನಿಸಿದ ಶಿವರಾಮ ಕಾರಂತರು ೧೯೩೬ರ 'ಬಾಲಪ್ರಪಂಚ'ದಲ್ಲಿಯೂ, ೧೯೫೯ರಿಂದ ಹೊರಬಂದ 'ವಿಜ್ಞಾನ ಪ್ರಪಂಚ'ದ ಸಂಪುಟಗಳಲ್ಲಿಯೂ ವಿಜ್ಞಾನವನ್ನು ಕನ್ನಡದಲ್ಲಿ ನಿರೂಪಿಸುವ ಭಾರವನ್ನು ಹೊತ್ತರು. ವಸ್ತುವಿನ ಕಾರ್ಯವನ್ನು ಅರಿಯದೆ ಹೆಸರಿಡುವುದು ತರವಲ್ಲವೆಂಬುದು ಅಂತಹ ಪ್ರಯತ್ನಗಳಿಂದ ಕಲಿಯತಕ್ಕ ಪಾಠ. ಕಟ್ಟಡದ ಕೆಲಸದಲ್ಲಿ ಶಿಲ್ಪಿಯ ಒಂದೊಂದು ಕರ್ಮವನ್ನು ಮಾಡುವ ಈ ಸಾಧನವನ್ನು ಇಲ್ಲಿ 'ಯಂತ್ರಶಿಲ್ಪಿ' ಎಂದು ಕರೆಯಲಾಗಿದೆ. ಈ ಹೆಸರಿಗೆ ಅದು ಎಷ್ಟರಮಟ್ಟಿಗೆ ಅರ್ಹವೆಂಬುದು ಮುಂದೆ ತಿಳಿಯುವುದು.

೩

ಯಂತ್ರವೂ ವಾಸ್ತುವೂ ಒಂದೇ ಗ್ರಂಥದಲ್ಲಿ ವಿಚಾರಿತವಾಗಿರುವುದು ನಮ್ಮ ಸಂಪ್ರದಾಯದಲ್ಲಿ ಅಪೂರ್ವವಲ್ಲ. ಹನ್ನೊಂದನೆಯ ಶತಮಾನದ ಧಾರಾಪತಿ ಭೋಜರಾಜನ ಹೆಸರಿನಲ್ಲಿರುವ 'ಸಮರಾಂಗಣಸೂತ್ರಧಾರ'ವು ನಗರ, ಗೃಹ, ಪ್ರಾಸಾದಗಳ ಶಾಸ್ತ್ರ. ಅದರ ಮೂವತ್ತೊಂದನೆಯ ಅಧ್ಯಾಯವು ಯಂತ್ರವಿಧಾನ. ತಿರುವನಂತಪುರದ ಗಣಪತಿಶಾಸ್ತ್ರಿಗಳಿಂದ ಸಂಪಾದಿತವಾಗಿ ಬರೋಡೆಯ ಗಾಯಕವಾಡ ಮಾಲೆಯಲ್ಲಿ ಇದು ಪ್ರಕಟವಾದ ಬಳಿಕ, ವಿದ್ವಾಂಸರಾದ ವಿ. ರಾಘವನ್ನರು ಪ್ರಾಚೀನ ಭಾರತದ ಯಂತ್ರಗಳ ಮೇಲೆ ಬರೆದ ಪ್ರಬಂಧವು ೧೯೫೨ರಲ್ಲಿ ನಮ್ಮ ಬೆಂಗಳೂರಿನ ಬಸವನಗುಡಿಯಿಂದಲೇ ಹೊರಬಂದಿತು. ಬಾಗಿಲು ಕಾಯುವ ದಾರುಪುರುಷ, ದೀಪಕ್ಕೆ ಎಣ್ಣೆಯೆರೆಯುವ ಬೊಂಬೆ ಮುಂತಾದವನ್ನು ಹೇಳಿ, ನಿರ್ಮಾಣದ ರಹಸ್ಯವನ್ನು ಬಿಚ್ಚಿ ಹೇಳದಿರುವುದು ಅಜ್ಞಾನದಿಂದಲ್ಲ, ಗೋಪ್ಯಕ್ಕಾಗಿ ಎಂದು ಗ್ರಂಥಕಾರನು ತಾನೇ ತಿಳಿಸುತ್ತಾನೆ. ಇಂದಿನ ಯಂತ್ರಶಿಲ್ಪಿಯೆಲ್ಲವೂ ಅಂದೇ ಇದ್ದಿತೆಂದು ಇದರಿಂದ ಸಾಧಿಸಹೊರಡುವುದು ಶಾಸ್ತ್ರಕ್ಕೂ ಇತಿಹಾಸಕ್ಕೂ ಅಪಚಾರ. ಅಲ್ಲಿರುವ ಎರಡು ವಿಚಾರಗಳು ಮಾತ್ರ ಪ್ರಕೃತಕ್ಕೆ ಉಪಯುಕ್ತವಾದುವು.

ಮೊದಲನೆಯದು, ಯಂತ್ರಗುಣಗಳ ಗಣನೆಯಲ್ಲಿ ಬರುವ 'ಸೌಶ್ಲಿಷ್ಟ್ಯ', ಎಂದರೆ ಅಂಗಗಳು ಪರಸ್ಪರ ಚೆನ್ನಾಗಿ ಅಂಟಿಕೊಂಡಿರುವಿಕೆ. ಎರಡನೆಯದು, ನಾಲ್ವತ್ತನಾಲ್ಕನೆಯ ಅಧ್ಯಾಯದ ಸ್ಥಪತಿಲಕ್ಷಣ. ಶಾಸ್ತ್ರ, ಕರ್ಮ, ಪ್ರಜ್ಞೆ, ಶೀಲ ಎಂಬ ನಾಲ್ಕು ಇದ್ದವನೇ ಸ್ಥಪತಿ. ಶಾಸ್ತ್ರವನ್ನು ಮಾತ್ರ ಬಲ್ಲವನು ಕೆಲಸದ ವೇಳೆಯಲ್ಲಿ ಯುದ್ಧವನ್ನು ಕಂಡ ಹೇಡಿಯಂತೆ ದಿಗ್ಭ್ರಾಂತನಾಗುವನೆಂದೂ, ಕರ್ಮವನ್ನು ಮಾತ್ರ ಬಲ್ಲವನು ಕುರುಡನಂತೆ ಇತರರು ಕರೆದೊಯ್ದ ದಾರಿಯಲ್ಲಿ ಹೋಗುವನೆಂದೂ ಅಲ್ಲಿ ಹೇಳಿದೆ. ಯಂತ್ರಶಿಲ್ಪಿಯು ಈ ಎರಡನೆಯ ವರ್ಗಕ್ಕೆ ಸೇರಿದುದು. ಅದು ಕರ್ಮವನ್ನು ಮಾಡುವುದು, ತಾನು ಮಾಡುವುದೇನೆಂದು ಅರಿಯದು. ಹಾಗಾದರೆ ಅದನ್ನು ಕೈಹಿಡಿದು ನಡೆಸುವ ಶಾಸ್ತ್ರ ಎಲ್ಲಿರಬೇಕು? ಈ ಪ್ರಶ್ನೆಗೆ ಉತ್ತರವನ್ನು ಉಕ್ಕಿನ ಸಂಧಿಯಲ್ಲಿಯೇ ಅರಸಬೇಕಾಗಿದೆ.

೪

ಉಕ್ಕಿನ ಸೌಧವೆಂದರೆ ಮುಖ್ಯವಾಗಿ ಕಂಬ, ತೊಲೆ ಎಂಬ ಎರಡು ಅಂಗಗಳ ಪಂಜರ. ಇವು ಕಾರಖಾನೆಯಲ್ಲಿ ಅಳತೆಗೆ ಕೊರೆಯಲ್ಪಟ್ಟು, ಬೋಲ್ಟಿನ ತೂತುಗಳೊಡನೆ ನಿವೇಶನಕ್ಕೆ ಬರುವುವು. ಅಲ್ಲಿ ಕ್ರೇನು ಒಂದೊಂದನ್ನೇ ಮೇಲೆತ್ತುವುದು. ಮೇಲಿರುವ ಕೆಲಸಗಾರರು ಅದನ್ನು ಹಿಡಿದು ಸ್ಥಾನಕ್ಕೆ ತಂದು ತಾತ್ಕಾಲಿಕವಾಗಿ ನಾಲ್ಕು ಬೋಲ್ಟುಗಳಿಂದ ನಿಲ್ಲಿಸುವರು. ಅನಂತರ ಕಂಬಗಳ ನೆಟ್ಟಗನ್ನು ಪರೀಕ್ಷಿಸಿ, ಎಲ್ಲ ಬೋಲ್ಟುಗಳನ್ನೂ ಬಿಗಿದು, ಬೇಕಾದೆಡೆಯಲ್ಲಿ ಬೆಸುಗೆ ಹಾಕುವರು. ಕೊನೆಗೆ ಬೆಂಕಿಯ ತಾಪದಿಂದ ಉಕ್ಕು ಮೆದುವಾಗದಂತೆ ಅಗ್ನಿನಿರೋಧಕವಾದ ಲೇಪವನ್ನು ಸಿಂಪಡಿಸುವರು.

ಈ ಸಂಧಿಗಳ ಭೇದವು ವ್ಯಾಕರಣವನ್ನು ಬಲ್ಲವರಿಗೆ ಅನಾಯಾಸವಾಗಿ ತಿಳಿಯುವುದು. 'ಮನೆ' 'ಅನ್ನು' ಎಂಬಲ್ಲಿ ಎರಡೂ ಇದ್ದಂತೆಯೇ ಇದ್ದು ನಡುವೆ ಯಕಾರವು ಬಂದು ಕೂಡಿಸುವಂತೆ, ಬೋಲ್ಟಿನ ಸಂಧಿಯು ಆಗಮಸಂಧಿ. ಮೂರನೆಯ ವಸ್ತುವೊಂದು ನಡುವೆ ಬಂದು, ಬೇಕಾದಾಗ ಬಿಚ್ಚಲೂ ಬರುವುದು. 'ಸುರ' 'ಇಂದ್ರ' ಎಂಬೆಡೆ ಎರಡು ಸ್ವರಗಳೂ ಅಳಿದು ಏಕಾರವೊಂದೇ ನಿಲ್ಲುವಂತೆ, ಬೆಸುಗೆಯು ಏಕಾದೇಶ. ಎರಡು ಅಂಚುಗಳು ಕರಗಿ ಒಂದೇ ಲೋಹವಾಗುವುವು. ಮತ್ತೆ, ಒಂದೇ ಪದದಲ್ಲಿಯೂ ಸಮಾಸದಲ್ಲಿಯೂ ಸಂಹಿತೆಯು ನಿತ್ಯ, ವಾಕ್ಯದಲ್ಲಿ ಅದು ವಕ್ತೃವಿನ ಇಚ್ಛೆಗೆ ಸೇರಿದುದು ಎಂಬ ವೈಯಾಕರಣರ ವ್ಯವಸ್ಥೆಗೂ ಇಲ್ಲಿ ಸಮಾನವಾದುದುಂಟು. ಕಾರಖಾನೆಯೊಳಗಿನ ಸಂಧಿಯು ನಿಯತ. ನಿವೇಶನದ ಸಂಧಿಯಾದರೋ ಗಾಳಿ, ಬಿಸಿಲು, ಅಳತೆಯ ಅಲ್ಪದೋಷಗಳನ್ನು ನೋಡಿಕೊಂಡು ಮಾಡುವವನ ವಿವೇಕಕ್ಕೆ ಅಧೀನ.

ಈ ವಿವೇಕವು ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಒಂದು ಲೆಕ್ಕವನ್ನು ನೋಡಬಹುದು. ಉಕ್ಕು ಒಂದು ಡಿಗ್ರಿ ತಾಪ ಹೆಚ್ಚಿದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು ೧೨ ಪಾಲಿನಷ್ಟು ಬೆಳೆಯುವುದು. ಹತ್ತು ಮೀಟರು ಉದ್ದದ ತೊಲೆಯೊಂದು ಬಿಸಿಲಿನಲ್ಲಿ ಬಿದ್ದಿದ್ದು, ಅದು ಸೇರಬೇಕಾದ ಕಂಬಗಳು ನೆರಳಿನಲ್ಲಿದ್ದು, ಅವೆರಡಕ್ಕೂ ೨೦ ಡಿಗ್ರಿಯ ಅಂತರವಿದ್ದರೆ ತೊಲೆಯು ೨.೪ ಮಿಲ್ಲಿಮೀಟರು ಹೆಚ್ಚಾಗಿರುವುದು. ಇಪ್ಪತ್ತು ಮಿಲ್ಲಿಮೀಟರಿನ ಬೋಲ್ಟಿಗೆ ತೂತಿನಲ್ಲಿ ಬಿಡುವ ಅವಕಾಶವು ಸಾಮಾನ್ಯವಾಗಿ ೨ ಮಿಲ್ಲಿಮೀಟರು ಮಾತ್ರ. ತೂತುಗಳು ಒಂದಕ್ಕೊಂದು ಹೊಂದದೆ ಹೋದಾಗ ಕುಶಲನಾದ ಕೆಲಸಗಾರನು ಮೊನಚಾದ ಉಕ್ಕಿನ ಗೂಟವೊಂದನ್ನು ಹೊಕ್ಕಿಸಿ, ತೊಲೆಯನ್ನು ಅತ್ತಿತ್ತ ಅಲುಗಿಸಿ ಸರಿಪಡಿಸುವನು. ಯಾವ ಹಂತದಲ್ಲಿ ಬಲವನ್ನು ಬಿಟ್ಟು ತಾಳ್ಮೆಯನ್ನು ಹಿಡಿಯಬೇಕೆಂಬುದನ್ನು ಅವನ ಮೊಣಕೈ ತಿಳಿಸುವುದು.

ಈ ವಿವೇಕಕ್ಕೆ ತೆರಬೇಕಾದ ಬೆಲೆಯು ಅಲ್ಪವಲ್ಲ. ೧೯೩೦ರ ಮಾರ್ಚಿಯಲ್ಲಿ ಆರಂಭವಾಗಿ ೧೯೩೧ರ ಮೇ ೧ರಂದು ತೆರೆಯಲ್ಪಟ್ಟ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಸೌಧವು ೧೦೨ ಅಂತಸ್ತುಗಳದು. ಅದರಲ್ಲಿ ಅಡಗಿರುವ ಉಕ್ಕು ಸುಮಾರು ೫೭,೦೦೦ ಟನ್ನು. ಅಂದಿನ ಸಂಧಿಗಳು ರಿವೆಟ್ಟಿನವು. ನಾಲ್ವರ ತಂಡದಲ್ಲಿ ಒಬ್ಬನು ರಿವೆಟ್ಟನ್ನು ಕೆಂಪಗೆ ಕಾಯಿಸಿ ಇಕ್ಕಳದಿಂದ ಎಸೆಯುವನು. ಎರಡನೆಯವನು ಡಬ್ಬಿಯಲ್ಲಿ ಹಿಡಿದು ತೂತಿಗೆ ಸೇರಿಸುವನು. ಮೂರನೆಯವನು ಹಿಂದಿನಿಂದ ಒತ್ತಿಹಿಡಿಯುವನು. ನಾಲ್ಕನೆಯವನು ಗಾಳಿಯ ಸುತ್ತಿಗೆಯಿಂದ ತಲೆಯನ್ನು ಚಪ್ಪಟೆಮಾಡುವನು. ಇದೆಲ್ಲವೂ ಇಕ್ಕಟ್ಟಾದ ತೊಲೆಗಳ ಮೇಲೆ ನಿಂತುಕೊಂಡು. ಆ ಸೌಧದ ನಿರ್ಮಾಣದಲ್ಲಿ ಐವರು ಮಡಿದರೆಂದು ಅಧಿಕೃತವಾದ ಲೆಕ್ಕ. ೧೯೫೦ರ ಅನಂತರ ಅತಿಬಲದ ಬೋಲ್ಟುಗಳು ಬಂದು ರಿವೆಟ್ಟು ಹಿಂದೆ ಬಿದ್ದಿತು. ನಾಲ್ವರ ಎಡೆಯಲ್ಲಿ ಇಬ್ಬರು ಸಾಕಾದರು. ಇಲ್ಲಿ ಗಮನಿಸತಕ್ಕ ವಿಷಯವೇನೆಂದರೆ, ಆಳುಗಳ ಸಂಖ್ಯೆಯನ್ನೂ ಅಪಾಯವನ್ನೂ ತಗ್ಗಿಸಿದುದು ಯಾವ ಯಂತ್ರಪುರುಷನೂ ಅಲ್ಲ. ಸಂಧಿಯ ಸ್ವರೂಪವೇ ಬದಲಾದುದು.

೫

ಇನ್ನು ಜಪಾನಿನ ವೃತ್ತಾಂತ. ಅಲ್ಲಿ ಎತ್ತರದ ಕಟ್ಟಡಗಳಿಗೆ ಉಕ್ಕೇ ಮುಖ್ಯ, ಭೂಕಂಪದ ಭಯವೂ ಅಧಿಕ, ಕಟ್ಟಡದ ಕೆಲಸಕ್ಕೆ ಬರುವ ತರುಣರ ಸಂಖ್ಯೆಯು ಇಳಿಮುಖ. ೧೯೮೩ರಲ್ಲಿ ಶಿಮಿಜು ಎಂಬ ನಿರ್ಮಾಣಸಂಸ್ಥೆಯವರು ಉಕ್ಕಿನ ತೊಲೆಗಳಿಗೆ ಅಗ್ನಿನಿರೋಧಕ ಲೇಪವನ್ನು ಸಿಂಪಡಿಸುವ ಯಂತ್ರವೊಂದನ್ನು ಪ್ರಯೋಗಿಸಿದರು. ನಿವೇಶನದಲ್ಲಿ ದುಡಿದ ಮೊದಲ ಯಂತ್ರಶಿಲ್ಪಿಗಳಲ್ಲಿ ಇದೊಂದು. ಉಸಿರು ಕಟ್ಟಿಸುವ ಧೂಳಿನ ಆ ಕೆಲಸವನ್ನು ಯಾರೂ ಇಚ್ಛೆಪಟ್ಟು ಮಾಡುತ್ತಿರಲಿಲ್ಲ. ಬಿಟ್ಟಿಯಾಳೆಂಬ ಹೆಸರು ಇಲ್ಲಿ ಸಾರ್ಥಕ.

ಅದಕ್ಕಿಂತಲೂ ಬೃಹತ್ತಾದ ಪ್ರಯತ್ನವು ೧೯೯೦ರ ದಶಕದಲ್ಲಿ ನಡೆಯಿತು. ನಾಗೋಯಾ ನಗರದಲ್ಲಿ ಜೂರೋಕು ಬ್ಯಾಂಕಿನ ಇಪ್ಪತ್ತು ಅಂತಸ್ತುಗಳ ಸೌಧವನ್ನು ಕಟ್ಟುವಾಗ ಶಿಮಿಜು ಸಂಸ್ಥೆಯವರು ಕ್ರಮವನ್ನೇ ತಲೆಕೆಳಗುಮಾಡಿದರು. ಕೊನೆಗೆ ಬರತಕ್ಕ ಮಾಡಿನ ಉಕ್ಕಿನ ಚೌಕಟ್ಟನ್ನು ಮೊದಲು ನೆಲದ ಮೇಲೆಯೇ ಕಟ್ಟಿ, ನಾಲ್ಕು ಗೋಪುರಗಳ ಮೇಲಿನ ಜಾಕಿಗಳಿಂದ ಅದನ್ನು ಮೇಲಕ್ಕೆ ಏರಿಸುತ್ತ ಹೋದರು. ಆ ಮಾಡಿನ ಕೆಳಗೆ ಸುತ್ತಲೂ ಮರೆ. ಮಳೆ ಗಾಳಿಗಳ ಬಾಧೆಯಿಲ್ಲ. ಮಾಡಿನ ಕೆಳಮೈಯಲ್ಲಿ ಹಳಿಗಳು. ಅವುಗಳಲ್ಲಿ ಚಲಿಸುವ ಎತ್ತುಯಂತ್ರಗಳು ಕಂಬವನ್ನೂ ತೊಲೆಯನ್ನೂ ಗಣಕದ ಅಪ್ಪಣೆಯಂತೆ ಸ್ಥಾನಕ್ಕೆ ಒಯ್ಯುವುವು. ಕಂಬವು ನೆಟ್ಟಗಿದೆಯೆ ಎಂಬುದನ್ನು ಲೇಸರ್ ಕಿರಣವು ಅಳೆಯುವುದು. ಬೆಸುಗೆಯನ್ನು ಯಂತ್ರವು ಹಾಕುವುದು. ಒಂದು ಅಂತಸ್ತು ಮುಗಿದೊಡನೆ ಇಡೀ ಕಾರ್ಯಾಗಾರವೇ ಒಂದು ಅಂತಸ್ತು ಮೇಲೇರುವುದು. ತುದಿಯನ್ನು ಮುಟ್ಟಿದ ಮೇಲೆ ಆ ಮಾಡು ಸೌಧದ ಮಾಡಾಗಿಯೇ ನಿಲ್ಲುವುದು. ಒಬಾಯಾಶಿ ಎಂಬ ಮತ್ತೊಂದು ಸಂಸ್ಥೆಯು ಇದೇ ತತ್ತ್ವವನ್ನು ಅನುಸರಿಸಿ ಟೋಕಿಯೋದ ಸುಮಿದಾ ನದಿಯ ಬಳಿ ಹತ್ತು ಅಂತಸ್ತುಗಳ ವಸತಿಗೃಹವೊಂದನ್ನು ೧೯೯೩ರ ಸುಮಾರಿನಲ್ಲಿ ಕಟ್ಟಿತು.

ಇಲ್ಲಿ ಯಂತ್ರವು ಗೆದ್ದುದು ಹೇಗೆ? ಗೂಟವನ್ನು ಹೊಕ್ಕಿಸಿ ಅಲುಗಿಸುವ ಆ ಮೊಣಕೈಯ ವಿವೇಕವನ್ನು ಯಂತ್ರವು ಕಲಿತುಕೊಂಡಿತೆ? ಇಲ್ಲ. ಶಿಲ್ಪಜ್ಞರು ಸಂಧಿಯನ್ನೇ ಬೇರೆಯಾಗಿ ರಚಿಸಿದರು. ಕಂಬದ ತುದಿಯನ್ನೂ ತೊಲೆಯ ಆಸನವನ್ನೂ ಇಳಿಜಾರಾಗಿ ರೂಪಿಸಿದುದರಿಂದ, ಮೇಲಿನಿಂದ ಇಳಿಯುವ ಅಂಗವು ಅಲ್ಪಸ್ವಲ್ಪ ಓರೆಯಾಗಿದ್ದರೂ ತನ್ನ ಭಾರದಿಂದ ತಾನೇ ಜಾರಿ ಸ್ಥಾನದಲ್ಲಿ ಕೂರುವುದು. ಕೈಯಲ್ಲಿದ್ದ ವಿವೇಕವು ಹೀಗೆ ಉಕ್ಕಿನ ಆಕಾರಕ್ಕೆ ಸಂಕ್ರಮಿಸಿತು. ಕುರುಡನನ್ನು ನಡೆಸುವ ಶಾಸ್ತ್ರವು ಎಲ್ಲಿರಬೇಕೆಂಬ ಪ್ರಶ್ನೆಗೆ ಇದೇ ಉತ್ತರ: ಅದು ದಾರಿಯಲ್ಲಿಯೇ ಇರಬೇಕು.

೬

ಆಗಮಸಂಧಿಗೂ ಏಕಾದೇಶಕ್ಕೂ ಯಂತ್ರವು ಹೇಗೆ ಒಗ್ಗಿತೆಂಬುದನ್ನು ಬೇರೆಬೇರೆಯಾಗಿ ನೋಡಬೇಕು.

ಬೋಲ್ಟನ್ನು ಬಿಗಿಯುವುದರಲ್ಲಿ ಕಷ್ಟವೇನೆಂದರೆ, ಬಿಗಿ ಕಡಮೆಯಾದರೆ ಫಲಕಗಳು ಜಾರುವುವು, ಹೆಚ್ಚಾದರೆ ಬೋಲ್ಟು ನೋಯುವುದು. ಜಪಾನಿನಲ್ಲಿ ಬಳಕೆಯಾದ ಬೋಲ್ಟಿನ ತುದಿಯಲ್ಲಿ ಕಿರಿದಾದ ಕೊರಳಿರುವ ಒಂದು ಬಾಲವುಂಟು. ಬಿಗಿಯುವ ಉಪಕರಣವು ಬಾಲವನ್ನು ಹಿಡಿದುಕೊಂಡು ನಟ್ಟನ್ನು ತಿರುಗಿಸುವುದು. ಗೊತ್ತಾದ ಬಿಗಿಯು ಬಂದ ಕ್ಷಣದಲ್ಲಿ ಕೊರಳು ತುಂಡಾಗಿ ಬಾಲವು ಉದುರುವುದು. ಬಾಲವಿಲ್ಲದ ಬೋಲ್ಟು ಬಿಗಿಯಾದುದು, ಬಾಲವುಳ್ಳದ್ದು ಬಿಗಿಯಾಗದುದು. ನೆಲದ ಮೇಲಿನಿಂದಲೇ ಕಣ್ಣಿಟ್ಟು ಎಣಿಸಬಹುದು. ರಥ ಕಟ್ಟುವವನ ಅಂಗೈಯಲ್ಲಿದ್ದ ಪ್ರಮಾಣವು ಇಲ್ಲಿ ಬೋಲ್ಟಿನ ಕೊರಳಿನಲ್ಲಿದೆ. ೨೦೦೬ರ ಅನಂತರ ದಕ್ಷಿಣ ಕೊರಿಯಾದ ಸಂಶೋಧಕರು ತೊಲೆಗಳ ಬಳಿ ಹಳಿಯ ಮೇಲೆ ಸರಿದು, ದೃಶ್ಯಗ್ರಾಹಕದಿಂದ ಬೋಲ್ಟಿನ ಸ್ಥಾನವನ್ನು ಗುರುತಿಸಿ ಬಿಗಿಯುವ ಯಂತ್ರವನ್ನು ರಚಿಸಿ ಪರೀಕ್ಷಿಸಿದರು.

ಬೆಸುಗೆಯ ವಿಚಾರವು ಇನ್ನೂ ಗಹನವಾದುದು. ಕೊಲ್ಲೂರಿನ ನೆತ್ತಿಯ ಮೇಲೆ ನಿಂತಿರುವ ಕೊಡಚಾದ್ರಿಯಲ್ಲಿ, ಮೂಲಮೂಕಾಂಬಿಕೆಯ ಗುಡಿಯ ಬಳಿ ಹಳೆಯ ಕಬ್ಬಿಣದ ಕಂಬವೊಂದಿದೆ. ಲೋಹಶಾಸ್ತ್ರಜ್ಞರು ಪರೀಕ್ಷಿಸಿ ಅದು ದೇಶೀಯ ವಿಧಾನದಿಂದಾದ ಕಬ್ಬಿಣವೆಂದು ನಿರ್ಣಯಿಸಿದ್ದಾರೆ. ಅಂತಹ ಕೆಲಸದಲ್ಲಿ ಕಮ್ಮಾರನು ಕಬ್ಬಿಣದ ಉಂಡೆಗಳನ್ನು ಕಾಯಿಸಿ, ಅವುಗಳ ಬಣ್ಣವನ್ನು ನೋಡಿ ಹದವನ್ನು ಅರಿತು, ಬಡಿದು ಒಂದುಗೂಡಿಸುತ್ತಿದ್ದನು. ಇಂದಿನ ಬೆಸುಗೆಗಾರನು ವಿದ್ಯುತ್ತಿನ ಜ್ವಾಲೆಯಲ್ಲಿ ಕರಗಿದ ಲೋಹದ ಕೆರೆಯನ್ನು ಕಪ್ಪು ಗಾಜಿನ ಮೂಲಕ ನೋಡಿ ಅದೇ ಹದವನ್ನು ಅರಿಯುವನು. ಎರಡು ಕಂಬಗಳ ನಡುವಣ ಸಂದು ಒಂದೆಡೆ ಅಗಲ, ಒಂದೆಡೆ ಕಿರಿದು. ಇದಕ್ಕೆ ತಕ್ಕಂತೆ ಕೈಯ ವೇಗವು ಬದಲಾಗಬೇಕು. ಒಂದೇ ಪಾರ್ಶ್ವದಲ್ಲಿ ಹೆಚ್ಚು ಕಾಯಿಸಿದರೆ ಕಂಬವು ಆ ಕಡೆಗೆ ಎಳೆಯಲ್ಪಡುವುದರಿಂದ ಎಲ್ಲ ಪಾರ್ಶ್ವಗಳನ್ನೂ ಸಮವಾಗಿ ಬೆಸೆಯಬೇಕು. ೨೦೧೮ರ ಸುಮಾರಿನಲ್ಲಿ ಶಿಮಿಜು ಸಂಸ್ಥೆಯವರು ತೋರಿಸಿದ ಬೆಸುಗೆಯ ಯಂತ್ರದಲ್ಲಿ ಕಂಬದ ಸುತ್ತ ಹಳಿಯುಂಟು, ಹಳಿಯ ಮೇಲೆ ತೋಳುಂಟು. ಅದು ಮೊದಲು ಲೇಸರ್ ಕಿರಣದಿಂದ ಸಂದಿನ ಆಕಾರವನ್ನು ಅಳೆದುಕೊಂಡು, ಅಳತೆಗೆ ತಕ್ಕಂತೆ ಬೆಸುಗೆಯನ್ನು ತುಂಬುವುದು. ಇಲ್ಲಿ ಯಂತ್ರವು ಪ್ರಜ್ಞೆಯ ಅಂಚಿಗೆ ಬಂದಿತೆಂದು ಹೇಳಬಹುದು: ಸಂಧಿಯು ತನಗೆ ಒಗ್ಗುವಂತೆ ಇರಬೇಕೆಂದು ಬಯಸದೆ, ಇದ್ದ ಸಂಧಿಗೆ ತಾನು ಒಗ್ಗಿಕೊಳ್ಳುವುದು.

೭

ಇಷ್ಟೆಲ್ಲ ಸಾಧಿತವಾಗಿದ್ದರೂ, ಏರುವ ಕಾರ್ಯಾಗಾರಗಳು ಲೋಕದಲ್ಲೆಲ್ಲ ಏಕೆ ಹರಡಲಿಲ್ಲವೆಂದು ಶಂಕಿಸಬಹುದು. ಕಾರಣಗಳು ಸ್ಪಷ್ಟ. ಆ ಮಾಡನ್ನೂ ಹಳಿಗಳನ್ನೂ ಸಿದ್ಧಪಡಿಸಲು ಆರಂಭದಲ್ಲಿಯೇ ವಿಪುಲವಾದ ದ್ರವ್ಯವೂ ಕಾಲವೂ ಬೇಕು. ಅಂತಸ್ತುಗಳು ಬಹಳವಾಗಿದ್ದರೆ ಮಾತ್ರ ಅದು ಮರಳಿ ಬರುವುದು. ಎಲ್ಲ ಅಂತಸ್ತುಗಳೂ ಒಂದೇ ಬಗೆಯಾಗಿರಬೇಕು. ವಾಸ್ತುವಿನ ವೈಚಿತ್ರ್ಯವನ್ನು ಯಂತ್ರವು ಸಹಿಸದು. ಒಂದು ಸೌಧಕ್ಕಾಗಿ ಮಾಡಿದ ಏರ್ಪಾಡು ಮತ್ತೊಂದಕ್ಕೆ ಹಾಗೆಯೇ ಸಲ್ಲದು. ಇದರ ಮೇಲೆ ೧೯೯೦ರ ದಶಕದ ಮೊದಲಲ್ಲಿಯೇ ಜಪಾನಿನ ಭೂಮಿಯ ಬೆಲೆ ಕುಸಿದು ಅರ್ಥವ್ಯವಸ್ಥೆಯು ಮುಗ್ಗರಿಸಿತು. ಇಡೀ ಸೌಧವನ್ನು ನುಂಗಹೊರಟ ಮಹಾಯಂತ್ರವು ಹಿಂದೆ ಸರಿದು, ಒಂದೊಂದು ಕರ್ಮಕ್ಕೆ ಒಂದೊಂದು ಸಣ್ಣ ಯಂತ್ರವೆಂಬ ಕ್ರಮವು ಮುಂದೆ ಬಂದಿತು. ಮೇಲೆ ಹೇಳಿದ ಬೆಸುಗೆಯ ತೋಳು ಈ ಎರಡನೆಯ ಕ್ರಮಕ್ಕೆ ಸೇರಿದುದು.

ನಮ್ಮ ನಾಡಿನಲ್ಲಿ ಉಕ್ಕಿಗೆ ಕೊರತೆಯಿಲ್ಲ. ಭದ್ರಾವತಿಯಲ್ಲಿ ೧೯೨೩ರಲ್ಲಿಯೇ ಕಬ್ಬಿಣದ ಉತ್ಪಾದನೆಯು ಆರಂಭವಾಯಿತು. ತೋರಣಗಲ್ಲಿನ ಕಾರಖಾನೆಯು ದೇಶದಲ್ಲಿಯೇ ದೊಡ್ಡವುಗಳಲ್ಲಿ ಒಂದು. ಪಾಶ್ಚಾತ್ಯರು ಭಾರತದ ಉಕ್ಕಿಗೆ ಇಟ್ಟ 'ವೂ‌ಟ್ಸ್' ಎಂಬ ಹೆಸರು ನಮ್ಮ 'ಉಕ್ಕು' ಶಬ್ದದಿಂದಲೇ ಬಂದುದೆಂದು ಅನೇಕ ವಿದ್ವಾಂಸರ ಮತ. ಆದರೂ ನಮ್ಮ ಉನ್ನತ ಸೌಧಗಳಲ್ಲಿ ಬಹುಪಾಲು ಸಿಮೆಂಟು ಕಾಂಕ್ರೀಟಿನವು. ಯಂತ್ರದಿಂದ ಕಟ್ಟಿದ ಕಟ್ಟಡಕ್ಕೆ ಕರ್ಣಾಟಕದಲ್ಲಿ ದೊರೆಯುವ ಪ್ರಸಿದ್ಧವಾದ ನಿದರ್ಶನವೂ ಕಾಂಕ್ರೀಟಿನದೇ: ಬೆಂಗಳೂರಿನ ಕೇಂಬ್ರಿಡ್ಜ್ ಬಡಾವಣೆಯ ಅಂಚೆಕಚೇರಿಯು ೧,೦೨೧ ಚದರಡಿಯದು, ಯಂತ್ರವು ಗಾರೆಯನ್ನು ಪದರಪದರವಾಗಿ ಎರೆದ ಆ ಕಟ್ಟಡವು ೪೩ ದಿನಗಳಲ್ಲಿ ಮುಗಿದು ೨೦೨೩ರ ಆಗಸ್ಟ್ ೧೮ರಂದು ಉದ್ಘಾಟಿತವಾಯಿತು. ಎರೆಯುವ ಕೆಲಸದಲ್ಲಿ ಅಂಗಗಳ ಸಂಧಿಯ ಪ್ರಶ್ನೆಯು ಹೆಚ್ಚಾಗಿ ಏಳದು. ಅದು ನೆಲಕ್ಕೆ ಸಮೀಪದ ಕೆಲಸವೂ ಹೌದು. ಉಕ್ಕಿನ ಎತ್ತರದ ಸಂಧಿಯೇ ಕಠಿಣವಾದ ಪರೀಕ್ಷೆ.

೮

ಇಲ್ಲಿ ಎರಡು ಪೂರ್ವಪಕ್ಷಗಳು ಏಳುವುವು. ಕೂಲಿಯಾಳುಗಳು ಬೇಕಾದಷ್ಟು ದೊರೆಯುವ ನಮ್ಮ ದೇಶಕ್ಕೆ ಯಂತ್ರಶಿಲ್ಪಿಯ ಅಗತ್ಯವೇ ಇಲ್ಲ, ಅದು ಬಡವನ ಅನ್ನವನ್ನು ಕಸಿಯುವುದು ಎಂಬುದು ಒಂದು. ಯಂತ್ರವು ಬಂದೇ ಬರುವುದು, ಕೈಕೆಲಸದ ಕಾಲವು ಮುಗಿಯಿತು, ಅದರ ವಿದ್ಯೆಯನ್ನು ಉಳಿಸಿ ಪ್ರಯೋಜನವಿಲ್ಲ ಎಂಬುದು ಇನ್ನೊಂದು.

ಮೊದಲನೆಯ ಪಕ್ಷದಲ್ಲಿ ಅನ್ನದ ಚಿಂತೆಯು ನ್ಯಾಯವಾದುದು. ಆದರೆ ಆಳು ಅಗ್ಗವೆಂಬ ಮಾತಿನೊಳಗೆ ಆಳಿನ ಪ್ರಾಣವೂ ಅಗ್ಗವೆಂಬ ಮಾತು ಅಡಗಿದೆ. ಸ್ಥಪತಿಯ ನಾಲ್ಕು ಗುಣಗಳಲ್ಲಿ ಶೀಲವನ್ನು ಹೇಳಿರುವುದು ಅಲಂಕಾರಕ್ಕಾಗಿ ಅಲ್ಲ. ತನ್ನ ಲೆಕ್ಕವು ಸರಿಯಾಗಿದ್ದು, ತನ್ನ ಕಟ್ಟಡದ ಮೇಲಿಂದ ಮನುಷ್ಯನು ಬೀಳುವುದನ್ನು ಅನಿವಾರ್ಯವೆಂದು ಎಣಿಸುವವನಲ್ಲಿ ಶೀಲವಿದೆಯೆಂದು ಹೇಳಲಾಗದು. ಯಂತ್ರವನ್ನು ಕೊಳ್ಳುವ ಶಕ್ತಿಯಿಲ್ಲದವರೂ ಜಪಾನಿನ ಪ್ರಯೋಗದಿಂದ ಒಂದನ್ನು ಕಲಿಯಬಹುದು: ಮೊದಲು ತಿದ್ದತಕ್ಕದ್ದು ಸಂಧಿಯನ್ನು. ಆದಷ್ಟು ಸಂಧಿಗಳನ್ನು ನೆಲದ ಮೇಲೆಯೇ ಮುಗಿಸಿ, ಮೇಲೆ ಮಾಡಲೇಬೇಕಾದುವುಗಳಲ್ಲಿ ತೊಲೆಯು ತಾನಾಗಿ ಕೂರುವಂತೆ ಆಸನವನ್ನು ಇಟ್ಟರೆ, ಕೆಲಸಗಾರನು ಎತ್ತರದಲ್ಲಿ ಕಳೆಯುವ ಹೊತ್ತು ತಗ್ಗುವುದು. ಇದಕ್ಕೆ ಗಣಕವೂ ಬೇಡ, ಲೇಸರೂ ಬೇಡ. ಶಾಸ್ತ್ರವನ್ನು ಬರೆಯುವವನು ಕರ್ಮವನ್ನು ಮಾಡುವವನ ಮಾತನ್ನು ಕೇಳಿದರೆ ಸಾಕು.

ಎರಡನೆಯ ಪಕ್ಷಕ್ಕೂ ಉತ್ತರವು ಇದರಲ್ಲಿಯೇ ಉಂಟು. ಜಾರಿ ಕೂರುವ ಸಂಧಿಯನ್ನು ಕಲ್ಪಿಸಿದವರಿಗೆ, ತೂತುಗಳು ಏಕೆ ಹೊಂದುವುದಿಲ್ಲವೆಂಬುದು ತಿಳಿದಿದ್ದಿತು. ಅದನ್ನು ತಿಳಿಸಿದುದು ಗೂಟ ಹಿಡಿದವರ ಅನುಭವ. ಬೆಸುಗೆಯ ತೋಳಿಗೆ ಎಷ್ಟು ಅಗಲದ ಸಂದಿಗೆ ಎಷ್ಟು ವೇಗವೆಂಬ ಸೂತ್ರಗಳನ್ನು ಕೊಟ್ಟುದು ಬೆಸುಗೆಗಾರರ ಕೈ. ಕರ್ಮವೆಲ್ಲವೂ ಯಂತ್ರಕ್ಕೆ ಹೋಗಿ, ಕೈಯಿಂದ ಮಾಡಿ ಅರಿತವನು ಒಬ್ಬನೂ ಉಳಿಯದಿದ್ದರೆ, ಹೊಸ ಬಗೆಯ ಸಂಧಿಯು ಬಂದಾಗ ಸೂತ್ರವನ್ನು ಬರೆಯುವವರು ಯಾರು? ಲಕ್ಷ್ಯವಿಲ್ಲದೆ ಲಕ್ಷಣವಿಲ್ಲವೆಂಬುದನ್ನು ವೈಯಾಕರಣರಿಗೆ ಹೇಳಬೇಕಾದುದಿಲ್ಲ. ಕೇಶಿರಾಜನು 'ಶಬ್ದಮಣಿದರ್ಪಣ'ದ ಸೂತ್ರಗಳನ್ನು ರಚಿಸುವಾಗ ಅವನ ಮುಂದೆ ಕವಿಗಳ ಪ್ರಯೋಗವಿದ್ದಿತು. ಉಕ್ಕಿನ ಶಾಸ್ತ್ರಕ್ಕೂ ಅಂತಹ ಪ್ರಯೋಗವು ಬೇಕು, ಅದು ಜೀವಂತವಾದ ಕೈಗಳಲ್ಲಿರಬೇಕು.

ಆದುದರಿಂದ ಸಿದ್ಧಾಂತವಿಷ್ಟು. ಧೂಳು, ಜ್ವಾಲೆ, ಪತನಭಯಗಳಿಂದ ಕೂಡಿದುದೂ ಒಂದೇ ರೀತಿಯಾಗಿ ಸಾವಿರಸಲ ಮಾಡತಕ್ಕದ್ದೂ ಆದ ಕರ್ಮವು ಸ್ವಭಾವತಃ ಬಿಟ್ಟಿ. ಅದನ್ನು ಬಿಟ್ಟಿಯಾಳಿಗೆ ಬಿಡುವುದು ಉಚಿತ. ಸಂಧಿಯು ಹೇಗಿರಬೇಕೆಂದು ನಿರ್ಣಯಿಸುವುದೂ, ಹೊಂದದಿರುವ ಸಂಧಿಯ ಮುಂದೆ ನಿಂತು ಯೋಚಿಸುವುದೂ, ಕೆಟ್ಟರೆ ಹೊಣೆಯನ್ನು ಹೊರುವುದೂ ಸ್ಥಪತಿಯವು. ಶಾಸ್ತ್ರ, ಕರ್ಮ, ಪ್ರಜ್ಞೆ, ಶೀಲಗಳಲ್ಲಿ ಯಂತ್ರವು ಎರಡನೆಯದನ್ನು ಪಡೆದಿದೆ, ಮೂರನೆಯದರ ಬಾಗಿಲನ್ನು ತಟ್ಟುತ್ತಿದೆ. ಆದುದರಿಂದ ಶಿಲ್ಪಿಯೆಂಬ ಹೆಸರು ಅದಕ್ಕೆ ಉಪಚಾರದಿಂದ ಮಾತ್ರ ಸಲ್ಲುವುದು.

ಸಾಹಿತ್ಯವನ್ನು ಬೋಧಿಸುವವರಿಗೂ ಇದರಲ್ಲಿ ಒಂದು ಕರ್ತವ್ಯವಿದೆ. ಭೋಜನ ಗ್ರಂಥವು ರಹಸ್ಯವನ್ನು ಕಾಯ್ದುದರಿಂದ, ಆ ಯಂತ್ರಗಳ ಹೆಸರುಗಳು ಉಳಿದು ಅವುಗಳನ್ನು ಕಟ್ಟುವ ಬಗೆಯು ಅಳಿದುಹೋಯಿತು. ಈ ತೀರದ ರಥ ಕಟ್ಟುವವರು, ದೋಣಿ ಮಾಡುವವರು, ಮನೆಯ ಮಾಡು ಕೂಡಿಸುವ ಆಚಾರಿಗಳು ಗಂಟಿಗೂ ಬೆಣೆಗೂ ಸಂದಿಗೂ ಬಳಸುವ ಕುಂದಾಪುರದ ಮಾತುಗಳು ಕೋಶಗಳಲ್ಲಿ ಸೇರದೆ ಅವರ ಬಾಯಲ್ಲಿಯೇ ಇರುವಷ್ಟು ಕಾಲ ಆ ವಿದ್ಯೆಗೂ ಅದೇ ಗತಿಯ ಭಯವುಂಟು. ಅವರು ಇನ್ನೂ ಕೆಲಸ ಮಾಡುತ್ತಿರುವಾಗಲೇ, ಅವರ ಬಳಿ ಕುಳಿತು ಒಂದೊಂದು ಸಂಧಿಯ ಹೆಸರನ್ನೂ ಅದನ್ನು ಮಾಡುವ ಕ್ರಮವನ್ನೂ ಬರೆದುಕೊಳ್ಳುವ ಕಾರ್ಯವನ್ನು ಮುಂದಿನ ಕೊಡಿಹಬ್ಬಕ್ಕೆ ರಥವನ್ನು ಕಟ್ಟುವ ದಿನಗಳಿಂದಲೇ ಆರಂಭಿಸಬಹುದಾಗಿದೆ.